ಯಾವ ಆಂಟೆನಾ, ಎಷ್ಟು ಎತ್ತರ, ಎಂಥ ಅರ್ಥಿಂಗ್? ವಿಜಯಪುರ, ಬಾಗಲಕೋಟೆ, ಬೆಳಗಾವಿಯ ಹೊಸ ಹ್ಯಾಮ್‌ಗಳಿಗೆ

ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಕೈಗೆ ಬಂದ ಕೂಡಲೇ ನಮ್ಮ ಕಡೆಯ ಹುಡುಗರು ಕೇಳುವ ಮೊದಲ ಪ್ರಶ್ನೆ ಒಂದೇ: ‘ಟವರ್ ಎಷ್ಟು ಫೂಟು ಹಾಕಿಸಲಿ ಸರ್?’ ನನ್ನ ಉತ್ತರವೂ ಒಂದೇ. ಟವರ್ ಕೊನೆಗೆ ಇರಲಿ. ಮೊದಲು ಒಳ್ಳೆಯ ಅರ್ಥಿಂಗ್, ಒಳ್ಳೆಯ ಕೇಬಲ್, ಮೇಲೊಂದು ಸಾದಾ ತಂತಿ. ಇಷ್ಟು ಸರಿಯಾಗಿ ಮಾಡಿದರೆ ಟವರ್ ಬೇಕೋ ಬೇಡವೋ ಅನ್ನುವುದು ಆರು ತಿಂಗಳಲ್ಲಿ ನಿಮಗೇ ತಿಳಿಯುತ್ತದೆ.

ನಾನಿರುವುದು ವಿಜಯಪುರದಲ್ಲಿ. ಇಲ್ಲಿ ಕೆಳಗೆ ಎರೆಮಣ್ಣು, ಅದರ ಕೆಳಗೆ ಕರಿಕಲ್ಲು. ಏಪ್ರಿಲ್–ಮೇನಲ್ಲಿ ಅಡ್ಡಮಳೆಯ ಸಿಡಿಲು, ಆಷಾಢದಲ್ಲಿ ಬಿಡದೆ ಬೀಸುವ ಗಾಳಿ. ಹೊಲದ ಕಡೆ ಹೋದರೆ ಪಂಪ್‌ಸೆಟ್ಟು, ಝಟಕಾ ಮೆಷಿನ್ನು (ಬೇಲಿಯ ತಂತಿಗೆ ಶಾಕ್ ಕೊಡುವ ಯಂತ್ರ). ಬೇರೆ ದೇಶದವರ ವಿಡಿಯೊ ನೋಡಿ ಆಂಟೆನಾ ಆರಿಸಿದರೆ ಇವೆಲ್ಲ ಲೆಕ್ಕಕ್ಕೇ ಬರುವುದಿಲ್ಲ. ಅದಕ್ಕೇ ನಮ್ಮ ನೆಲ ಇಟ್ಟುಕೊಂಡೇ ಹೋಲಿಸೋಣ.

ಯಾರ ಜೊತೆ ಮಾತಾಡಬೇಕು?

ಆಂಟೆನಾ ಆರಿಸುವ ಮುಂಚೆ ಕೇಳಿಕೊಳ್ಳಬೇಕಾದ್ದು ಇದು. ಊರೊಳಗೆ, ಪಕ್ಕದ ತಾಲ್ಲೂಕಿಗೆ ಮಾತಾಡಲು 144–146 ಮೆಗಾಹರ್ಟ್ಜ್‌ನ 2 ಮೀಟರ್ ಬ್ಯಾಂಡ್ ಇದೆ. ರಾಜ್ಯದೊಳಗೆ, ಮಹಾರಾಷ್ಟ್ರ, ತೆಲಂಗಾಣದವರೆಗೆ 7.0–7.2 ಮೆಗಾಹರ್ಟ್ಜ್‌ನ 40 ಮೀಟರ್ ಬ್ಯಾಂಡ್. ಹೊರದೇಶಕ್ಕೆ 14 ಮೆಗಾಹರ್ಟ್ಜ್‌ನ 20 ಮೀಟರ್ ಬ್ಯಾಂಡ್ ಮತ್ತು ಅದಕ್ಕಿಂತ ಮೇಲಿನ ಬ್ಯಾಂಡ್‌ಗಳು.

2 ಮೀಟರ್‌ನಲ್ಲಿ ಎತ್ತರವೇ ಎಲ್ಲ, ನಿಜ. ಆದರೆ ಎತ್ತರದಿಂದ ಎಷ್ಟು ಸಿಗುತ್ತದೆ ಅಂತ ಒಮ್ಮೆ ಲೆಕ್ಕ ಹಾಕಿ. ಎರಡೂ ಕಡೆಯ ಆಂಟೆನಾ ಎತ್ತರಗಳ ವರ್ಗಮೂಲ ತೆಗೆದು, ಕೂಡಿಸಿ, 4.12ರಿಂದ ಗುಣಿಸಿದರೆ ರೇಡಿಯೊ ದಿಗಂತ ಕಿಲೋಮೀಟರ್‌ನಲ್ಲಿ ಬರುತ್ತದೆ. ಎತ್ತರ ಮೀಟರ್‌ನಲ್ಲಿರಬೇಕು. ಇಬ್ಬರೂ 10 ಮೀಟರ್ ಎತ್ತರದಲ್ಲಿದ್ದರೆ 26 ಕಿ.ಮೀ. ಇಬ್ಬರೂ 20 ಮೀಟರ್‌ಗೆ ಏರಿದರೆ 37 ಕಿ.ಮೀ. ಎತ್ತರ ಎರಡರಷ್ಟಾಯಿತು, ಖರ್ಚು ಅದಕ್ಕಿಂತ ಜಾಸ್ತಿಯಾಯಿತು, ದೂರ ಮಾತ್ರ 11 ಕಿ.ಮೀ. ಹೆಚ್ಚಾಯಿತು. ವಿಜಯಪುರದಿಂದ ಬಾಗಲಕೋಟೆ ನೇರ ಗೆರೆಯಲ್ಲಿ ಸುಮಾರು 70 ಕಿ.ಮೀ. ನೆಲ ಸಮತಟ್ಟು ಅಂದುಕೊಂಡರೆ, ದಿಗಂತದ ಲೆಕ್ಕದಲ್ಲಿ ಎರಡೂ ಊರಲ್ಲಿ 70 ಮೀಟರ್‌ಗೂ ಮೀರಿದ ಟವರ್ ಬೇಕು! ಅದೇ ಬಾಗಲಕೋಟೆಗೆ 40 ಮೀಟರ್ ಬ್ಯಾಂಡ್‌ನಲ್ಲಿ, ಮಾಳಿಗೆಯ ಮೇಲೆ ಕಟ್ಟಿದ ತಂತಿಯಿಂದ ಹಗಲು ಹೊತ್ತು ಆರಾಮಾಗಿ ಮಾತಾಡಬಹುದು.

ಇದು ಹೇಗೆ? 40 ಮೀಟರ್ ಬ್ಯಾಂಡ್‌ನ ತಂತಿ ನೆಲದಿಂದ ಕಾಲು ತರಂಗ (ತರಂಗದ ಉದ್ದದ ಕಾಲು ಭಾಗ), ಅಂದರೆ 10 ಮೀಟರ್ ಅಥವಾ ಅದಕ್ಕೂ ಕೆಳಗಿದ್ದರೆ ಸಿಗ್ನಲ್ ಹೆಚ್ಚಾಗಿ ನೆತ್ತಿಯ ಕಡೆಗೇ ಏಳುತ್ತದೆ. ಅಯಾನುಗೋಳಕ್ಕೆ, ಅಂದರೆ ಆಕಾಶದಲ್ಲಿ ಬಹಳ ಮೇಲಿರುವ ವಿದ್ಯುತ್ ಕಣಗಳ ಪದರಕ್ಕೆ, ಬಡಿದು ಸುತ್ತಲಿನ ನಾಲ್ಕೈದು ನೂರು ಕಿಲೋಮೀಟರ್ ಮೇಲೆ ಮಳೆಯ ಹಾಗೆ ಇಳಿಯುತ್ತದೆ. ಕಲಬುರಗಿ, ಧಾರವಾಡ, ಬೆಂಗಳೂರು ಎಲ್ಲ ಅದರೊಳಗೆ ಬಂತು. ಬೆಳಗಿನ ನೆಟ್‌ಗಳು (ಹ್ಯಾಮ್‌ಗಳು ಗೊತ್ತಾದ ಹೊತ್ತಿಗೆ ರೇಡಿಯೊದಲ್ಲಿ ಸೇರುವ ಕೂಟಗಳು) 40 ಮೀಟರ್‌ನಲ್ಲಿ ನಡೆಯುವುದೂ ಇದಕ್ಕೇ. ರಾತ್ರಿ ಅಯಾನುಗೋಳ ತೆಳುವಾದಾಗ ಹತ್ತಿರದವರು ತಪ್ಪಿ ದೂರದವರು ಕೇಳಿಸುತ್ತಾರೆ. ಆಗ ಹತ್ತಿರದವರಿಗೆ 80 ಮೀಟರ್ ಬ್ಯಾಂಡ್ ಬೇಕಾಗುತ್ತದೆ.

2019ರ ಆಗಸ್ಟ್‌ನಲ್ಲಿ ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಉಕ್ಕಿದ್ದನ್ನು ಈ ಮೂರು ಜಿಲ್ಲೆಯವರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಬೇಕಾಗುವುದು ಪಕ್ಕದ ಜಿಲ್ಲೆಗೆ, ಬೆಂಗಳೂರಿಗೆ ತಲುಪುವ ಸ್ಟೇಷನ್. ಜಪಾನಿಗೆ ತಲುಪುವುದು ಆಮೇಲೆ. ತಗ್ಗಿನ ತಂತಿಯನ್ನು ನಾನು ಇಷ್ಟು ಒತ್ತಿ ಹೇಳಲು ಇದೊಂದು ದೊಡ್ಡ ಕಾರಣ.

ತಂತಿಯಲ್ಲಿ ಯಾವುದು?

ಡೈಪೋಲ್ ಎಲ್ಲಕ್ಕಿಂತ ಸರಳ: ನಡುವೆ ಕೇಬಲ್, ಎರಡೂ ಕಡೆ ಸಮ ಉದ್ದದ ತಂತಿ. 143ನ್ನು ಮೆಗಾಹರ್ಟ್ಜ್‌ನಿಂದ ಭಾಗಿಸಿದರೆ ಒಟ್ಟು ಉದ್ದ ಮೀಟರ್‌ನಲ್ಲಿ ಸಿಗುತ್ತದೆ. 7.1ಕ್ಕೆ ಸುಮಾರು 20 ಮೀಟರ್, ಅಂದರೆ ಪ್ರತಿ ಕಡೆಗೆ 10. ಸ್ವಲ್ಪ ಉದ್ದವೇ ಕತ್ತರಿಸಿ, ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಎಷ್ಟು ಪವರ್ ವಾಪಸು ಬರುತ್ತಿದೆ ಅನ್ನುವ ಅಳತೆ) ನೋಡುತ್ತ ತುದಿ ಮಡಚುತ್ತ ಬನ್ನಿ. ಡೈಪೋಲ್‌ಗೆ ಎರಡು ಕಂಬ ಬೇಕು, 20 ಮೀಟರ್ ಜಾಗ ಬೇಕು. ತೋಟದ ಮನೆಯಲ್ಲಿ ಎರಡು ಬೇವಿನ ಮರ ಇದ್ದವರ ಭಾಗ್ಯ ಅದು.

ಊರೊಳಗಿನ 30×40 ಸೈಟಿಗೆ ಇನ್ವರ್ಟೆಡ್ ವಿ ಹೇಳಿ ಮಾಡಿಸಿದಂತಿದೆ. ಅದೇ ಡೈಪೋಲ್, ನಡುವೆ ಒಂದೇ ಕಂಬ, ಎರಡೂ ಕೈ ಕೆಳಗೆ ಇಳಿಬಿಟ್ಟಿದ್ದು. ಕೈಗಳ ನಡುವೆ 90 ಡಿಗ್ರಿ ಕೋನ ಇಟ್ಟರೆ ಅಗಲ 14 ಮೀಟರ್‌ಗೆ ಇಳಿಯುತ್ತದೆ. 30×40ರ ಮೂಲೆಯಿಂದ ಮೂಲೆಗೆ 50 ಅಡಿ, ಅಂದರೆ 15 ಮೀಟರ್ ಮೇಲೆ. ಪಕ್ಕದವರ ಜಾಗಕ್ಕೆ ಹೋಗದೆ ಕೂತುಬಿಟ್ಟಿತು ಅಲ್ವಾ! 90ಕ್ಕಿಂತ ಕಿರಿದು ಮಾಡಬೇಡಿ, ಕೈಗಳು ಒಂದನ್ನೊಂದು ತಿನ್ನಲು ಶುರುಮಾಡುತ್ತವೆ. ಕಂಬ ಗಿಡ್ಡವಾಗಿದ್ದರೆ ತುದಿಯ ಒಂದೂವರೆ ಮೀಟರನ್ನು ಅಡ್ಡ ತಿರುಗಿಸಿ ಕಟ್ಟಿ. ತುದಿಯಲ್ಲಿ ಕರೆಂಟ್ ಕಡಿಮೆ, ಆದ್ದರಿಂದ ನಷ್ಟವೂ ಕಡಿಮೆ. ಆದರೆ ವೋಲ್ಟೇಜ್ ಜಾಸ್ತಿ ಇರುವುದೂ ಅಲ್ಲೇ. ಮಾಳಿಗೆಯ ಮೇಲೆ ಬಟ್ಟೆ ಒಣಹಾಕುವವರು, ಹಪ್ಪಳ–ಶಾವಿಗೆ ಹಾಕುವವರು ಓಡಾಡುತ್ತಾರೆ. ತುದಿಗಳು ಅವರ ಕೈಗೆ ಎಟುಕದಷ್ಟು ಮೇಲಿರಲಿ.

ಎಂಡ್‌ಫೆಡ್ ಹಾಫ್‌ವೇವ್ ಈಗ ಎಲ್ಲರ ಬಾಯಲ್ಲಿದೆ. ಅದೇ 20 ಮೀಟರ್ ತಂತಿ, ಆದರೆ ಫೀಡ್, ಅಂದರೆ ಕೇಬಲ್ ಸೇರುವುದು, ಒಂದು ತುದಿಯಲ್ಲಿ. ತುದಿಯ ಇಂಪೆಡೆನ್ಸ್ (ಸಿಗ್ನಲ್ಲಿಗೆ ಎದುರಾಗುವ ತಡೆ) ಎರಡು ಸಾವಿರ ಓಮ್ ದಾಟುವುದರಿಂದ 49:1 ಟ್ರಾನ್ಸ್‌ಫಾರ್ಮರ್ ಬೇಕು. ಫೆರೈಟ್ ರಿಂಗ್ ಮೇಲೆ ಎರಡು ಸುತ್ತಿಗೆ ಹದಿನಾಲ್ಕು ಸುತ್ತು, ಮನೆಯಲ್ಲೇ ಮಾಡಬಹುದು. 40, 20, 15, 10 ಮೀಟರ್ ನಾಲ್ಕೂ ಬ್ಯಾಂಡ್ ಒಂದೇ ತಂತಿಯಲ್ಲಿ ಸಿಗುತ್ತವೆ. ಬೆಳಗಾವಿಯ ಅಪಾರ್ಟ್‌ಮೆಂಟ್‌ನಲ್ಲಿ ಒಂದು ಬದಿ ಮಾತ್ರ ಕೈಗೆ ಸಿಗುವವರಿಗೆ ಇದು ಒಳ್ಳೆಯದು. ತೊಂದರೆ ಏನೆಂದರೆ ಕೇಬಲ್ಲಿನ ಹೊರಗವಚವೂ ಆಂಟೆನಾದ ಭಾಗವಾಗಿಬಿಡುತ್ತದೆ. ಮನೆಯೊಳಗಿನ ಚಾರ್ಜರ್, ಎಲ್‌ಇಡಿಗಳ ಗದ್ದಲ ಅದೇ ದಾರಿಯಲ್ಲಿ ರಿಗ್ಗಿಗೆ (ರೇಡಿಯೊ ಸೆಟ್ಟಿಗೆ) ಬರುತ್ತದೆ. ನಿಮ್ಮ ಸಿಗ್ನಲ್ಲೂ ಅದೇ ದಾರಿಯಲ್ಲಿ ಮನೆಯೊಳಗೆ ಬರುತ್ತದೆ. ಕೇಬಲ್ಲಿಗೆ ಒಳ್ಳೆಯ ಚೋಕ್ (ಹೊರಗವಚದ ಕರೆಂಟ್ ತಡೆಯಲು ಫೆರೈಟ್ ರಿಂಗಿಗೆ ಕೇಬಲ್ ಸುತ್ತಿದ್ದು) ಹಾಕದೆ ಎಂಡ್‌ಫೆಡ್ ಕಟ್ಟಬೇಡಿ. ಎರಡೂ ಕಟ್ಟಲು ಜಾಗ ಇದ್ದರೆ ನಾನು ಕಣ್ಣುಮುಚ್ಚಿ ಇನ್ವರ್ಟೆಡ್ ವಿ ಕಡೆಗೇ ಹೋಗುತ್ತೇನೆ.

ವರ್ಟಿಕಲ್‌ಗೆ, ಅಂದರೆ ನೆಟ್ಟಗೆ ನಿಲ್ಲಿಸುವ ಆಂಟೆನಾಗೆ, ಜಾಗ ಕಡಿಮೆ ಸಾಕು, ದಿಗಂತದ ಕಡೆಗೆ ತಗ್ಗಾಗಿ ಬೀಸುವುದರಿಂದ ಹೊರದೇಶಕ್ಕೆ ಚೆನ್ನ. ಆದರೆ ಊರೊಳಗೆ ಗದ್ದಲವನ್ನು ತಂತಿಗಿಂತ ಜಾಸ್ತಿ ಹಿಡಿಯುತ್ತದೆ, ಮೇಲಾಗಿ ರೇಡಿಯಲ್‌ಗಳು (ಬುಡದಿಂದ ಸುತ್ತಲೂ ಹರಡುವ ತಂತಿಗಳು) ಬೇಕು. ಅರ್ಥ್ ರಾಡ್ ಹೊಡೆದರೆ ರೇಡಿಯಲ್ ಬೇಡ ಅನ್ನುವವರ ಮಾತು ನಂಬಬೇಡಿ. ರಾಡ್ ಸಿಡಿಲಿಗೆ, ರೇಡಿಯಲ್ ಸಿಗ್ನಲ್ಲಿಗೆ. ಹೊಲದಲ್ಲಿ ಹದಿನಾರು ತಂತಿಗಳನ್ನು ನೆಲದ ಮೇಲೆ ಸುತ್ತಲೂ ಹರಡಿದರೆ ಅದರಷ್ಟು ಚೆಂದದ ಆಂಟೆನಾ ಇಲ್ಲ. ಆದರೆ ಕುಂಟೆ, ರೋಟಾವೇಟರ್ ಆಡುವ ಹೊಲದಲ್ಲಿ ಅವು ಒಂದು ಹಂಗಾಮೂ ಉಳಿಯುವುದಿಲ್ಲ. ಪಾಳುಬಿದ್ದ ಮೂಲೆ ಇದ್ದರೆ ಅಲ್ಲಿ ಹಾಕಿ. ಸಣ್ಣ ಮ್ಯಾಗ್ನೆಟಿಕ್ ಲೂಪ್ ಬಾಲ್ಕನಿಗೆ ಸರಿ. ಅದರ ಕೆಪ್ಯಾಸಿಟರ್ ಮೇಲೆ ಸಾವಿರಾರು ವೋಲ್ಟ್ ಏಳುತ್ತದೆ ಅನ್ನುವುದನ್ನು ಮನೆಯವರಿಗೂ ಹೇಳಿಡಿ.

2 ಮೀಟರ್‌ಗೆ ದುಡ್ಡು ಕೊಟ್ಟು ಏನೂ ತರಬೇಡಿ. 49 ಸೆಂ.ಮೀ.ನ ಒಂದು ಕಡ್ಡಿ, ಕೆಳಗೆ ಅಷ್ಟೇ ಉದ್ದದ ನಾಲ್ಕು ಕಡ್ಡಿ, ಇಷ್ಟೇ ಗ್ರೌಂಡ್‌ಪ್ಲೇನ್. ಬೆಳಗಾವಿಯವರಿಗೆ ಯಳ್ಳೂರಿನ ರಾಜಹಂಸಗಡ ಹತ್ತಿರದಲ್ಲೇ ಇದೆ. ಒಂದು ಭಾನುವಾರ ಹ್ಯಾಂಡ್‌ಹೆಲ್ಡ್ ಹಿಡಿದು ಮೇಲೆ ಹೋದರೆ ಯಾವ ಟವರೂ ಕೊಡದ ಎತ್ತರ ಬಿಟ್ಟಿ ಸಿಗುತ್ತದೆ.

ಕೇಬಲ್

7 ಮೆಗಾಹರ್ಟ್ಜ್‌ನಲ್ಲಿ 20 ಮೀಟರ್ ಆರ್‌ಜಿ–58 (ತೆಳ್ಳನೆಯ ಕೋಆಕ್ಸಿಯಲ್ ಕೇಬಲ್) ಸಾಕು, ನಷ್ಟ ಒಂದು ಡೆಸಿಬೆಲ್ ಒಳಗೆ. ಅದೇ ಕೇಬಲ್ 145 ಮೆಗಾಹರ್ಟ್ಜ್‌ನಲ್ಲಿ ಸುಮಾರು 4 ಡೆಸಿಬೆಲ್ ತಿನ್ನುತ್ತದೆ, ಅಂದರೆ ಅರ್ಧಕ್ಕಿಂತ ಜಾಸ್ತಿ ಪವರ್ ಕೇಬಲ್ಲಲ್ಲೇ ಹೋಯಿತು. ಅಲ್ಲಿ ದಪ್ಪನೆಯ ಆರ್‌ಜಿ–213 ಬೇಕು, ಅದರಲ್ಲಿ ನಷ್ಟ 2 ಡೆಸಿಬೆಲ್ ಒಳಗೆ. ಟವರನ್ನು 20 ಮೀಟರ್ ಏರಿಸಿ ಆರ್‌ಜಿ–58 ಇಳಿಬಿಡುವುದಕ್ಕಿಂತ 10 ಮೀಟರ್ ಪೈಪಿಗೆ ಒಳ್ಳೆಯ ಕೇಬಲ್ ಹಾಕುವುದು ಮೇಲು. ಡಿಶ್ ಟಿವಿಯವರ 75 ಓಮ್ ಆರ್‌ಜಿ–6 ಕೂಡ ಡೈಪೋಲ್‌ಗೆ ನಡೆಯುತ್ತದೆ. ಕನೆಕ್ಟರ್ ಮೇಲೆ ರಬ್ಬರ್ ಟೇಪ್ ಸುತ್ತಿ. ನಮ್ಮ ಬಿಸಿಲಿಗೆ ಸಾದಾ ಇನ್ಸುಲೇಷನ್ ಟೇಪ್ ಒಂದು ಬೇಸಿಗೆಯಲ್ಲಿ ಬಿಚ್ಚಿಕೊಳ್ಳುತ್ತದೆ.

ಪೈಪೋ, ಟವರೋ?

ಮಾಳಿಗೆಯ ಮೇಲೆ 6 ಮೀಟರ್‌ನ ಒಂದು ಜಿಐ ಪೈಪು, ಮೂರು ದಿಕ್ಕಿಗೆ ಗೈ (ಕಂಬ ಬೀಳದಂತೆ ಜಗ್ಗಿ ಕಟ್ಟುವ ತಂತಿ). ಎರಡಂತಸ್ತಿನ ಮನೆಯಾದರೆ ತುದಿ ನೆಲದಿಂದ 12–13 ಮೀಟರ್ ಆಯಿತು. ಮೊದಲ ಕೆಲವು ವರ್ಷಕ್ಕೆ ಇದಕ್ಕಿಂತ ಹೆಚ್ಚು ಬೇಕಾಗುವುದಿಲ್ಲ. ಅದೇ ಪೈಪಿಗೆ 14 ಮೆಗಾಹರ್ಟ್ಜ್‌ನ ಡೈಪೋಲ್ ಕಟ್ಟಿದರೆ ಅದು ಅರ್ಧ ತರಂಗಕ್ಕಿಂತ ಮೇಲಾಗುತ್ತದೆ, ಹೊರದೇಶಕ್ಕೆ ಹೋಗಲು ಅಷ್ಟು ಎತ್ತರ ಸಾಕು.

ಮೂರು ಕಾಲಿನ ಜಾಲರಿ ಟವರ್ ಬೇಕಾಗುವುದು ತಿರುಗುವ ಯಾಗಿ (ಸಾಲು ಕಡ್ಡಿಗಳಿಂದ ಒಂದೇ ದಿಕ್ಕಿಗೆ ಬೀಸುವ ಆಂಟೆನಾ) ಹಾಕುವಾಗ ಮಾತ್ರ. 20 ಮೀಟರ್ ಬ್ಯಾಂಡ್‌ನ ಯಾಗಿಯ ಒಂದೊಂದು ಕಡ್ಡಿ ಸುಮಾರು 10 ಮೀಟರ್ ಉದ್ದ. ಗಾಳಿಯ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಆಷಾಢದಲ್ಲಿ ತಿಂಗಳುಗಟ್ಟಲೆ ಅದೇ ದಿಕ್ಕಿನಿಂದ ಜಗ್ಗುವ ಗಾಳಿಗೆ ಬೋಲ್ಟುಗಳು ಸಡಿಲಾಗುತ್ತವೆ. ಪ್ರತಿ ಜೇಷ್ಠದಲ್ಲಿ ಒಮ್ಮೆ ಟರ್ನ್‌ಬಕಲ್ (ಗೈ ಬಿಗಿ ಮಾಡುವ ತಿರುಪು), ನಟ್ಟು ಎಲ್ಲ ನೋಡುವ ಪದ್ಧತಿ ಇಟ್ಟುಕೊಳ್ಳಿ. ಹತ್ತುವ ಟವರಿಗಿಂತ ಬುಡದಲ್ಲಿ ಮಡಚಿ ಮಲಗಿಸುವ ಟವರ್ ನನಗೆ ಇಷ್ಟ. ನೆಲದ ಮೇಲೆ ನಿಂತೇ ರಿಪೇರಿ ಮಾಡಬಹುದು. ಬೆಳಗಾವಿಯ ಉದ್ಯಮಬಾಗದಂಥ ಕಡೆ ಫ್ಯಾಬ್ರಿಕೇಷನ್ ಬಲ್ಲವರು ಸಾಕಷ್ಟಿದ್ದಾರೆ, ಡ್ರಾಯಿಂಗ್ ಕೊಟ್ಟು ಮಾಡಿಸಬಹುದು.

ಎರೆಭೂಮಿಯಲ್ಲಿ ಟವರಿನ ಬುನಾದಿ ಬಲು ಸೂಕ್ಷ್ಮ. ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಬಿರುಕಿನ ಪದರ ದಾಟಿ ಕೆಳಗೆ ಹೋಗಿ, ಗಟ್ಟಿ ನೆಲ ಸಿಕ್ಕ ಮೇಲೆ ಕಾಂಕ್ರೀಟ್ ಹಾಕಿ, ಸುತ್ತ ಗರಸು ತುಂಬಿಸಿ. ಗೈ ಕಟ್ಟುವ ಆಂಕರ್‌ಗೂ ಇದೇ ಮಾತು. ಆಂಕರ್ ಬುಡದಿಂದ ಟವರ್ ಎತ್ತರದ ಶೇ 60–80ರಷ್ಟು ದೂರ ಇರಲಿ. ಗೈ ತಂತಿಯನ್ನು ನಡುನಡುವೆ ಪಿಂಗಾಣಿಯ ಎಗ್ ಇನ್ಸುಲೇಟರ್ ಹಾಕಿ ತುಂಡರಿಸಿ. ಇಲ್ಲದಿದ್ದರೆ ಅದೂ ಆಂಟೆನಾ ಆಗುತ್ತದೆ. ಕರೆಂಟ್ ಕಂಬದ ಸ್ಟೇ ತಂತಿಯಲ್ಲಿ ನೋಡುತ್ತೀರಲ್ಲ, ಅದೇ.

ಪೈಪಾಗಲಿ ಟವರಾಗಲಿ, ಯಾವ ಕಡೆ ಬಿದ್ದರೂ ಕರೆಂಟ್ ತಂತಿಗೆ ತಾಗಬಾರದು. ಕಂಬದ ಎತ್ತರದ ಒಂದೂವರೆ ಪಟ್ಟು ದೂರ ಇಲ್ಲದಿದ್ದರೆ ಆ ಜಾಗ ಬಿಟ್ಟುಬಿಡಿ. 11 ಕೆವಿ ಲೈನ್ ಎರಡನೇ ಸಲ ಅವಕಾಶ ಕೊಡುವುದಿಲ್ಲ. ಸಾಂಬ್ರಾ ವಿಮಾನ ನಿಲ್ದಾಣದ ಸುತ್ತಮುತ್ತ ಇರುವವರು ಎತ್ತರದ ಮಿತಿಯನ್ನು ಮೊದಲೇ ವಿಚಾರಿಸಿ.

ಅರ್ಥಿಂಗ್: ಇಲ್ಲಿ ಕೈ ಬಿಗಿ ಮಾಡಬೇಡಿ

ಮೊದಲು ಒಂದು ತಪ್ಪು ತಿಳಿವಳಿಕೆ ಹೋಗಬೇಕು. ‘ರೇಡಿಯೊಗೆ ಬೇರೆ ಅರ್ಥ್, ಮನೆಗೆ ಬೇರೆ, ಎರಡೂ ಕೂಡಬಾರದು’ ಅಂತ ಬಹಳ ಜನ ಹೇಳುತ್ತಾರೆ. ಇದು ಅಪಾಯ. ಹತ್ತಿರದಲ್ಲಿ ಸಿಡಿಲು ಬಿದ್ದಾಗ ಎರಡು ಅರ್ಥ್‌ಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಏಳುತ್ತದೆ. ಆ ಕರೆಂಟ್ ಒಂದರಿಂದ ಇನ್ನೊಂದಕ್ಕೆ ನಿಮ್ಮ ರಿಗ್ಗಿನ ಮೂಲಕವೇ ಹರಿಯುತ್ತದೆ. ಟವರಿನ ಅರ್ಥ್, ಕೇಬಲ್ ಒಳಬರುವ ಜಾಗದ ಅರ್ಥ್, ಮನೆಯ ಮೀಟರಿನ ಅರ್ಥ್ ಮೂರನ್ನೂ ಮನೆಯ ಹೊರಗೇ ದಪ್ಪ ತಾಮ್ರದಿಂದ ಕೂಡಿಸಿ.

ಈಗ ಮಣ್ಣಿನ ಮಾತು. ಎರೆಮಣ್ಣು ಒದ್ದೆ ಇದ್ದಾಗ ಅರ್ಥಿಂಗಿಗೆ ಬಂಗಾರ. ಆದರೆ ಸಿಡಿಲು ಜಾಸ್ತಿ ಹೊಡೆಯುವುದು ಏಪ್ರಿಲ್–ಮೇನಲ್ಲಿ, ನೆಲ ಒಣಗಿ ಬಿರಿದು ರಾಡಿನಿಂದ ಮಣ್ಣು ಬಿಟ್ಟುಕೊಂಡಿರುವ ಹೊತ್ತಿನಲ್ಲಿ. ಮಳೆಗಾಲದಲ್ಲಿ ಅಳೆದು ಖುಷಿಪಟ್ಟ ರೀಡಿಂಗ್ ಬೇಸಿಗೆಯಲ್ಲಿ ಉಳಿಯುವುದಿಲ್ಲ. ಅಂಗಡಿಯವರು ಕೊಡುವ ಬೆಂಟೊನೈಟ್ ಪುಡಿಯೂ ನಮ್ಮ ಎರೆಮಣ್ಣಿನ ಜಾತಿಯದೇ ಜೇಡಿ. ಒಣಗಿದರೆ ಅದೂ ಕುಗ್ಗುತ್ತದೆ. ಉಪ್ಪು–ಇದ್ದಲಿನ ಹಳೆಯ ಪದ್ಧತಿ ಅಗ್ಗ, ಆದರೆ ಉಪ್ಪು ಮಳೆಗೆ ತೊಳೆದುಹೋಗುತ್ತದೆ, ಜಿಐ ಪೈಪನ್ನೂ ತಿನ್ನುತ್ತದೆ. ಯಾವುದು ಹಾಕಿದರೂ ಬೇಸಿಗೆಯಲ್ಲಿ ನೀರು ಬೇಕು. ಬಚ್ಚಲ ನೀರು ಹರಿಯುವ ಕಡೆ, ತೆಂಗಿನ ಪಾತಿಯ ಪಕ್ಕ ಗುಂಡಿ ತೆಗೆದರೆ ಆ ಚಿಂತೆ ತಪ್ಪಿತು.

ಒಂದು ಆಳದ ಗುಂಡಿಗಿಂತ ಮೂರು ರಾಡು ಉತ್ತಮ. ಪ್ರತಿಯೊಂದೂ ಎರಡೂವರೆ–ಮೂರು ಮೀಟರ್. ಒಂದರಿಂದ ಒಂದಕ್ಕೆ ಕನಿಷ್ಠ ಅಷ್ಟೇ ದೂರ, ಜಾಗ ಇದ್ದರೆ ಅದರ ಎರಡರಷ್ಟು. ಒಂದು ಮೀಟರ್ ಹೋಗುವಷ್ಟರಲ್ಲಿ ಕರಿಕಲ್ಲು ಸಿಕ್ಕಿತೇ? ಸುತ್ತಿಗೆ ಹಿಡಿದು ಗುದ್ದಾಡಬೇಡಿ. ಕಲ್ಲಿನ ಮೇಲಿನ ಮಣ್ಣಿನಲ್ಲಿ ಉದ್ದಕ್ಕೆ ಕಾಲುವೆ ತೋಡಿ ತಾಮ್ರದ ಪಟ್ಟಿ ಮಲಗಿಸಿ. ಬಾದಾಮಿ ಕಡೆಯ ಮರಳುಗಲ್ಲಿನ ನೆಲದಲ್ಲೂ ಇದೇ ದಾರಿ. ಖಾನಾಪುರ ಕಡೆಯ ಜಂಬಿಟ್ಟಿಗೆ ನೆಲ ಬಿರುಕು ಬಿಡುವುದಿಲ್ಲ, ಆದರೆ ನೀರು ಬೇಗ ಇಂಗಿಹೋಗುತ್ತದೆ. ಅಲ್ಲಿ ರಾಡುಗಳ ಸಂಖ್ಯೆ ಹೆಚ್ಚಿಸಬೇಕು. ಹಳೆಯ ಬೋರ್‌ವೆಲ್ಲಿಗೆ ಕಬ್ಬಿಣದ ಕೇಸಿಂಗ್ ಇದ್ದರೆ ಅದನ್ನೂ ಕೂಡಿಸಿಕೊಳ್ಳಿ, ಅಷ್ಟು ಒಳ್ಳೆಯ ಅರ್ಥ್ ದುಡ್ಡಿಗೆ ಸಿಗುವುದಿಲ್ಲ. ಅಳೆಯಲು ಅರ್ಥ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಮಲ್ಟಿಮೀಟರ್ ಇದಕ್ಕೆ ಬಾರದು. ಮೇ ತಿಂಗಳಲ್ಲಿ ಅಳೆದಾಗಲೂ 10 ಓಮ್ ಒಳಗಿರಬೇಕು.

ಇಳಿಯುವ ಪಟ್ಟಿ ನೇರವಾಗಿರಲಿ, ಚೂಪಾಗಿ ಬಗ್ಗಿಸಬೇಡಿ. ತಾಮ್ರ ಮತ್ತು ಜಿಐ ಒಂದಕ್ಕೊಂದು ನೇರ ತಾಗದಂತೆ ಸ್ಟೇನ್‌ಲೆಸ್ ಸ್ಟೀಲ್ ಕ್ಲಾಂಪ್ ಹಾಕಿ, ಬರಿದೆ ಸುತ್ತಿದರೆ ತುಕ್ಕು ಹಿಡಿಯುತ್ತದೆ. ಕೇಬಲ್ ಒಳಬರುವಲ್ಲಿ ಗ್ಯಾಸ್ ಅರೆಸ್ಟರ್ (ಏರಿದ ವೋಲ್ಟೇಜನ್ನು ಅರ್ಥಿಗೆ ಇಳಿಸುವ ಸಾಧನ) ಇರಲಿ. ಇಷ್ಟೆಲ್ಲ ಮಾಡಿದ ಮೇಲೂ, ಮೋಡ ಕಪ್ಪಾದ ಕೂಡಲೇ ಕೇಬಲ್ ಬಿಚ್ಚಿ ಹೊರಗಿಡಿ. ಬಿಚ್ಚಿ ಮೇಜಿನ ಮೇಲೆ ಬಿಟ್ಟರೆ ಪ್ರಯೋಜನ ಇಲ್ಲ. ಗುಡುಗು ಕೇಳಿಸಲು ಶುರುವಾದ ಮೇಲೆ ಬಿಚ್ಚಲು ಹೋಗಬೇಡಿ, ಆಗ ಕೇಬಲ್ ಮುಟ್ಟುವುದೇ ತಪ್ಪು.

ಗದ್ದಲ ಎಲ್ಲಿಂದ?

ಗದ್ದಲ ಬಂತೆಂದು ಆಂಟೆನಾ ಬದಲಿಸುವವರು ಬಹಳ. ಮೊದಲು ರಿಗ್ಗನ್ನು ಬ್ಯಾಟರಿಗೆ ಹಾಕಿ ಮನೆಯ ಮೇನ್ ಆಫ್ ಮಾಡಿ. ಗದ್ದಲ ಹೋಯಿತೇ? ಕಳ್ಳ ಮನೆಯೊಳಗೇ ಇದ್ದಾನೆ. ಒಂದೊಂದೇ ಎಂಸಿಬಿ ಏರಿಸುತ್ತ ಬಂದರೆ ಸಿಕ್ಕಿಬೀಳುತ್ತಾನೆ. ಹೆಚ್ಚಾಗಿ ಅಗ್ಗದ ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಅಥವಾ ಸಿಸಿಟಿವಿಯ ಅಡಾಪ್ಟರ್. ಬದಲಿಸುವುದೇ ಮೇಲು. ಆಗದಿದ್ದರೆ ಅದರ ವೈರನ್ನು ಫೆರೈಟ್ ರಿಂಗಿನೊಳಗೆ ಏಳೆಂಟು ಸುತ್ತು ಸುತ್ತಿ. ಒಂದೇ ಸಲ ತೂರಿಸಿದರೆ ಎಚ್‌ಎಫ್‌ನಲ್ಲಿ (3–30 ಮೆಗಾಹರ್ಟ್ಜ್) ಏನೂ ಆಗದು.

ಮೇನ್ ಆಫ್ ಆದರೂ ಉಳಿದರೆ ಸದ್ದಿನ ಗುಣ ಕೇಳಿ. ಸೆಕೆಂಡಿಗೊಂದು ಟಿಕ್, ಟಿಕ್ ಅಂದರೆ ಹೊಲದ ಝಟಕಾ ಮೆಷಿನ್. ಮೆಷಿನ್ ತಪ್ಪಲ್ಲ, ತಂತಿ ಎಲ್ಲೋ ಕಳೆಗೆ ತಾಗಿ ಅಥವಾ ಸಡಿಲ ಗಂಟಿನಲ್ಲಿ ಕಿಡಿ ಹಾರುತ್ತಿರುತ್ತದೆ. ಆ ಜಾಗ ಹುಡುಕಿಕೊಟ್ಟರೆ ರೈತನಿಗೂ ಒಳ್ಳೆಯದು, ಅವರ ಝಟಕಾ ಜೋರಾಗುತ್ತದೆ. ತ್ರೀಫೇಸ್ ಕೊಟ್ಟ ಹೊತ್ತಿಗೆ ಸರಿಯಾಗಿ ಶುರುವಾದರೆ ಪಂಪ್‌ಸೆಟ್ಟಿನ ಕಡೆ ನೋಡಿ. ಬೆಳಗ್ಗೆ ಬಿಸಿಲೇರಿದಂತೆ ಏರಿ ಸಂಜೆ ಇಳಿದರೆ ಸೋಲಾರ್ ಇನ್ವರ್ಟರ್. ರಬಕವಿ–ಬನಹಟ್ಟಿಯಲ್ಲಿ, ಬೆಳಗಾವಿಯ ವಡಗಾವಿಯಲ್ಲಿ ಇರುವವರು ಪವರ್‌ಲೂಮ್ ಪಾಳಿಯ ಹೊತ್ತನ್ನೂ ಬರೆದಿಟ್ಟುಕೊಳ್ಳಿ.

ಬರ್ರ್ ಅನ್ನುವ 100 ಹರ್ಟ್ಜ್ ಸದ್ದು, ಒಣ ಗಾಳಿಗೆ ಜಾಸ್ತಿ, ಮಳೆ ಬಂದರೆ ಮಾಯ: ಇದು ಲೈನಿನಲ್ಲಿ ಕಿಡಿ. ಸಡಿಲ ಜಂಪರ್ರೋ, ಸೀಳಿದ ಪಿಂಗಾಣಿಯೋ ಇರುತ್ತದೆ. ಸಣ್ಣ ಎಎಂ ಟ್ರಾನ್ಸಿಸ್ಟರ್ ಹಿಡಿದು ಸ್ಟೇಷನ್ ಇಲ್ಲದ ಕಡೆ ಟ್ಯೂನ್ ಮಾಡಿ ನಡೆಯಿರಿ. ರೇಡಿಯೊ ತಿರುಗಿಸಿದಾಗ ಸದ್ದು ಕುಗ್ಗುವ ದಿಕ್ಕು ಗಮನಿಸಿ, ಒಳಗಿನ ಫೆರೈಟ್ ಕಡ್ಡಿ ಆಗ ಮೂಲದ ಕಡೆ ಮುಖ ಮಾಡಿರುತ್ತದೆ. ಹತ್ತಿರ ಬಂದಂತೆ ಮೇಲಿನ ಫ್ರೀಕ್ವೆನ್ಸಿಗೆ ಹೋದರೆ ಕಂಬ ಖಚಿತವಾಗುತ್ತದೆ. ಕಂಬ ಗುದ್ದುವುದು, ಸ್ಟೇ ತಂತಿ ಅಲುಗಿಸುವುದು ಖಂಡಿತ ಬೇಡ. ಕಂಬದ ನಂಬರ್ ಬರೆದುಕೊಂಡು 1912ಕ್ಕೆ ಹೇಳಿ, ಇಲ್ಲವೇ ಸೆಕ್ಷನ್ ಆಫೀಸಿನಲ್ಲಿ ಲೈನ್‌ಮನ್ ಅವರನ್ನೇ ಭೇಟಿಯಾಗಿ. ‘ರೇಡಿಯೊ ಕೇಳಿಸುತ್ತಿಲ್ಲ’ ಅನ್ನುವುದಕ್ಕಿಂತ ‘ಆ ಕಂಬದ ಮೇಲೆ ಕಿಡಿ ಹಾರುತ್ತಿದೆ’ ಅಂದರೆ ಬೇಗ ಬರುತ್ತಾರೆ.

ನಮ್ಮಿಂದ ಬೇರೆಯವರಿಗೆ ಆಗುವ ತೊಂದರೆಯನ್ನೂ ನಾವೇ ಕೇಳಬೇಕು. ಹೊಸ ಆಂಟೆನಾ ಕಟ್ಟಿದ ವಾರವೇ ಪಕ್ಕದ ಮನೆಗೆ ಹೋಗಿ, ‘ಕಾಕಾ, ನಾನು ಮಾತಾಡುವಾಗ ನಿಮ್ಮ ಟಿವಿಗೆ ಏನಾದ್ರೂ ಆಗ್ತದೇನ್ರಿ?’ ಅಂತ ಕೇಳಿಬಿಡಿ. ಸ್ಪೀಕರ್ ಗೊರಗುಟ್ಟಿದರೆ, ಇಎಲ್‌ಸಿಬಿ (ಕರೆಂಟ್ ಸೋರಿದರೆ ಬೀಳುವ ಸ್ವಿಚ್) ಬಿದ್ದರೆ ಸಾಮಾನ್ಯವಾಗಿ ಕಾರಣ ನಿಮ್ಮ ಕೇಬಲ್ಲಿನ ಹೊರಮೈ ಮೇಲಿನ ಕರೆಂಟ್. ಆಂಟೆನಾ ಫೀಡ್ ಆಗುವಲ್ಲಿ ದೊಡ್ಡ ಫೆರೈಟ್ ರಿಂಗಿಗೆ ಕೇಬಲ್ಲನ್ನೇ ಹತ್ತು–ಹನ್ನೆರಡು ಸುತ್ತು ಹಾಕಿ. ಆಮೇಲೆ ಅವರ ಸ್ಪೀಕರ್ ವೈರಿಗೂ ಒಂದು ರಿಂಗ್ ನೀವೇ ತಂದುಕೊಡಿ. ಅಷ್ಟಕ್ಕೂ ನಿಲ್ಲದಿದ್ದರೆ ಅವರು ಟಿವಿ ನೋಡುವ ಹೊತ್ತಿನಲ್ಲಿ 100 ವ್ಯಾಟ್‌ನಿಂದ 25ಕ್ಕೆ ಇಳಿಸಿ. ಆ ಕಡೆಯ ಸ್ಟೇಷನ್ನಿನ ಮೀಟರಿನಲ್ಲಿ ಇದರಿಂದ ಕಡಿಮೆಯಾಗುವುದು ಒಂದೇ ಎಸ್ ಯೂನಿಟ್, ಅಂದರೆ ಸಿಗ್ನಲ್ ಅಳತೆಯ ಒಂದೇ ಮೆಟ್ಟಿಲು.